ದೊಡ್ಡಮ್ಮನ ಜೀಪಿನ ಬಿಳಿ ಹೊಗೆ

ಲಾಕ್‌ಡೌನಿನ ದಿನಗಳಲ್ಲಿ ಮಡಿಕೇರಿ ಪಕ್ಕದ ಗಾಳಿಬೀಡಿನ ನಮ್ಮ ಮನೆಯಲ್ಲಿ ಕೂತು ನಾನು ಇಂಜಿನ್ ರಿಪೇರಿಯ ವಿಡಿಯೋ ನೋಡುವ ಚಟ ಹಚ್ಚಿಕೊಂಡೆ. ಬೇರೆಯವರು ಅಡುಗೆ ಕಲಿತರು, ಕೆಲವರು ಯೋಗ ಕಲಿತರು. ನಾನು ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣ ನೋಡಿ ಇಂಜಿನ್ನಿನ ಒಳಗಿನ ಕಾಯಿಲೆ ಹೇಳುವುದನ್ನು ಕಲಿತೆ. ಕಲಿತೆ ಎಂದರೆ, ಹೇಳುವುದನ್ನು ಕಲಿತೆ. ಅದು ಸರಿಯೋ ತಪ್ಪೋ ಎಂದು ತಿಳಿಯುವುದು ಬೇರೆ ವಿದ್ಯೆ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ನನಗೆ ಐದು ಎಕರೆ ಕಾಫಿ ತೋಟ, ನಡುವೆ ಮೆಣಸಿನ ಬಳ್ಳಿ, ಒಂದು ಮೋಟಾರ್ ಬೈಕು, ಮತ್ತು ಯಾವ ವಿಷಯದಲ್ಲೂ ಸುಮ್ಮನಿರಲಾರದ ಬಾಯಿ. ನಮ್ಮ ಕಡೆ ಮನೆಮಾತು ಅರೆಭಾಷೆ, ಉಂಟು ಎನ್ನುವಲ್ಲಿ ಉಟ್ಟು ಎನ್ನುವ ಕನ್ನಡ. ಅದರಲ್ಲಿ ಕಾರ್ಬ್ಯುರೇಟರಿಗೆ ಮಾತಿಲ್ಲ, ಹೆಡ್ ಗ್ಯಾಸ್ಕೆಟ್ಟಿಗೂ ಇಲ್ಲ. ಹಾಗಾಗಿ ಆ ಇಂಗ್ಲಿಷ್ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ, ತೂಕ ಕೊಟ್ಟು ಉಚ್ಚರಿಸಿದರೆ ಕೇಳುವವರು ತಲೆ ಬಾಗಿಸುತ್ತಿದ್ದರು.

ಮೊದಲ ರೋಗಿ ನನ್ನ ಬಾವನ ಕಳೆ ಕೊಚ್ಚುವ ಯಂತ್ರ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ, ಹೆಗಲಿಗೆ ನೇತುಹಾಕಿಕೊಳ್ಳುವ ಯಂತ್ರ ಅದು. ಬಾವ ಅರ್ಧ ಗಂಟೆಯಿಂದ ಅದರ ಹಗ್ಗ ಎಳೆದೆಳೆದು ಸೋತು ಕೂತಿದ್ದ. ನಾನು ಹೋಗಿ ಪ್ಲಗ್ ಬಿಚ್ಚಿದೆ. ತುದಿ ಒದ್ದೆಯಾಗಿತ್ತು. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಅಂಗಿಯ ಅಂಚಿನಲ್ಲಿ ಒರೆಸಿ, ಒಂದು ತುಂಡು ಉಜ್ಜುಕಾಗದದಿಂದ ಉಜ್ಜಿದೆ. ಉಜ್ಜುತ್ತಾ ಬಾವನಿಗೆ ಇಂಜಿನ್ನಿನ ಒಳಗೆ ಏನೇನು ನಡೆಯುತ್ತದೆ ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಪ್ಲಗ್ ಮತ್ತೆ ಹಾಕಿ ಎಳೆದರೆ ಎರಡನೇ ಎಳೆತಕ್ಕೆ ಯಂತ್ರ ಹೊತ್ತಿತು. ಬಾವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಿಜವಾಗಿ ಆಗಿದ್ದು ಇಷ್ಟೇ: ಅವನು ಎಳೆದೆಳೆದು ಒಳಗೆ ಪೆಟ್ರೋಲ್ ತುಂಬಿಸಿಟ್ಟಿದ್ದ, ನಾನು ಮಾತಾಡಿ ಮುಗಿಸುವಷ್ಟರಲ್ಲಿ ಅದು ಆರಿತ್ತು. ಯಂತ್ರವನ್ನು ಸರಿ ಮಾಡಿದ್ದು ನನ್ನ ಭಾಷಣದ ಉದ್ದ.

ಬಾವ ಆ ಸುದ್ದಿಯನ್ನು ಹಾಲಿನ ಡೈರಿಗೆ ಒಯ್ದ. ಡೈರಿಯಿಂದ ಅದು ಊರಿಗೆ ಹೋಯಿತು. ಒಂದು ತಿಂಗಳೊಳಗೆ ನನ್ನ ಮನೆಯ ಜಗಲಿಗೆ ಜನ ಪ್ಲಗ್ ತರತೊಡಗಿದರು. ಕಾಗದದಲ್ಲಿ ಸುತ್ತಿ ತರುವವರು, ಬೆಂಕಿಪೊಟ್ಟಣದಲ್ಲಿ ಹಾಕಿ ತರುವವರು, ಒಬ್ಬರಂತೂ ಕರವಸ್ತ್ರದ ಮೂಲೆಗೆ ಗಂಟು ಹಾಕಿ ತಂದಿದ್ದರು. ನಾನು ಮಡಿಕೇರಿಯಲ್ಲಿ ಒಂದು ಬಣ್ಣದ ಪಟ್ಟಿ ಪ್ರಿಂಟ್ ಹಾಕಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ತುದಿ ಹುರಿದ ಕಾಫಿಯ ತಿಳಿಗಂದು ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಮೆತ್ತಿದ ಕಪ್ಪಾದರೆ ಆಯಿಲ್ ಒಳಗೆ ನುಗ್ಗುತ್ತಿದೆ. ಸುಟ್ಟ ಸುಣ್ಣದಂತೆ ಬಿಳಿಯಾದರೆ ಇಂಜಿನ್ ಮಿತಿಮೀರಿ ಕಾಯುತ್ತಿದೆ. ಹೊಗೆಗೂ ಹೀಗೆಯೇ: ಕಪ್ಪು ಹೊಗೆ ಪೆಟ್ರೋಲಿನದು, ನೀಲಿ ಹೊಗೆ ಆಯಿಲಿನದು, ಬಿಳಿ ಹೊಗೆ ನೀರಿನದು. ಇದೆಲ್ಲ ಸತ್ಯವೇ. ಪಟ್ಟಿಯಲ್ಲಿ ತಪ್ಪಿರಲಿಲ್ಲ. ಪಟ್ಟಿ ಓದುವವನಲ್ಲಿತ್ತು.

ನನ್ನ ಜಗಲಿಗೆ ಬಂದವರಲ್ಲಿ ಹೆಂಗಸರಿರಲಿಲ್ಲ. ಇಂಜಿನ್ನಿನ ವಿಷಯದಲ್ಲಿ ನಮ್ಮ ಗಂಡಸರದು ಒಂದು ಪದ್ಧತಿ ಇದೆ. ರಸ್ತೆ ಬದಿಯಲ್ಲಿ ಒಂದು ಜೀಪು ನಿಂತು ಬಾನೆಟ್ ಎತ್ತಿದರೆ ಸಾಕು, ಎಲ್ಲೆಲ್ಲಿಂದಲೋ ನಾಲ್ಕೈದು ಜನ ಬಂದು ಕೈ ಬೆನ್ನಿಗೆ ಕಟ್ಟಿ ಸುತ್ತ ನಿಲ್ಲುತ್ತಾರೆ. ಯಾರೂ ಏನನ್ನೂ ಮುಟ್ಟುವುದಿಲ್ಲ. ಒಬ್ಬ ಪೆಟ್ರೋಲ್ ಇದೆಯೇ ಎಂದು ಕೇಳುತ್ತಾನೆ. ಮತ್ತೊಬ್ಬ ತನ್ನ ಮಾವನ ಜೀಪು ಮಾಕುಟ್ಟ ಘಾಟಿಯ ಇಳಿಜಾರಿನಲ್ಲಿ ಹೀಗೆಯೇ ನಿಂತಿದ್ದ ಕಥೆ ಹೇಳುತ್ತಾನೆ. ಮೂರನೆಯವನು ಎಲ್ಲ ಕೇಳಿ, ಬ್ಯಾಟರಿ ಇರಬೇಕು ಎನ್ನುತ್ತಾನೆ. ಗಾಡಿ ಓಡಿಸುತ್ತಿದ್ದವರನ್ನು, ನಿಲ್ಲುವ ಮೊದಲು ಏನಾಯಿತು ಎಂದು ಕೇಳುವ ಅಭ್ಯಾಸ ಮಾತ್ರ ಯಾರಿಗೂ ಇಲ್ಲ. ನಾನು ಆ ಗುಂಪಿನ ಮುಂದಿನ ಸಾಲಿನವನು.

ನನ್ನ ದೊಡ್ಡಪ್ಪ ಮತ್ತು ದೊಡ್ಡಮ್ಮನ ಮನೆ ನಮ್ಮ ತೋಟದಿಂದ ಒಂದು ತಿರುವು ಮೇಲೆ. ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ಯಾವುದನ್ನಾದರೂ ಕಾಗದದಲ್ಲಿ ಬರೆದು ಫೈಲಿಗೆ ಸೇರಿಸಿದರೆ ಮಾತ್ರ ಅದು ನಡೆದಂತೆ ಎಂದು ನಂಬಿದವರು. ಅವರಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪಿತ್ತು. ಅವರಲ್ಲಿ ಎಂದೆ, ಕಾಗದಪತ್ರ ಅವರ ಹೆಸರಿನಲ್ಲಿತ್ತು. ಓಡಿಸುತ್ತಿದ್ದದ್ದು ದೊಡ್ಡಮ್ಮ. ಮೂವತ್ತು ವರ್ಷದಿಂದ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಡೈರಿಗೆ, ರೇಷನ್ ಅಂಗಡಿಗೆ, ಶುಕ್ರವಾರದ ಮಡಿಕೇರಿ ಸಂತೆಗೆ ಅವರೇ ಓಡಿಸುತ್ತಿದ್ದರು. ದೊಡ್ಡಪ್ಪ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿ ಹಾರ್ನ್ ಹಾಕಬೇಕು ಎಂದು ಹೇಳುತ್ತಿದ್ದರು.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ, ಕಾಫಿ ಕುಯ್ಲು ಶುರುವಾಗಿ ಹತ್ತು ದಿನವಾಗಿತ್ತು, ದೊಡ್ಡಪ್ಪ ನನಗೆ ಫೋನ್ ಮಾಡಿ ಬರಹೇಳಿದರು. ಜೀಪಿನ ಹಿಂದಿನಿಂದ ಬಿಳಿ ಹೊಗೆ ಬರುತ್ತಿದೆಯಂತೆ. ಬೆಳಗಿನ ವಾಕಿಂಗ್ ಶುರು ಮಾಡಿದ್ದರಿಂದ ಅವರು ಮೊದಲ ಬಾರಿಗೆ ಜೀಪನ್ನು ಹಿಂದಿನಿಂದ ನೋಡಿದ್ದರು. ಮೂವತ್ತು ವರ್ಷ ಒಳಗೇ ಕೂತವರಿಗೆ ಅದರ ಹಿಂಭಾಗದ ಪರಿಚಯವಿರಲಿಲ್ಲ.

ನಾನು ಬೆಳಗ್ಗೆ ಏಳಕ್ಕೆ ಹೋದೆ. ಗಾಳಿಬೀಡಿನ ಡಿಸೆಂಬರ್ ಬೆಳಗು ಎಂದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗೈ ಇಡಲಾಗದಷ್ಟು ತಣ್ಣಗಿರುತ್ತದೆ. ದೊಡ್ಡಮ್ಮ ಚೋಕ್ ಎಳೆದು ಜೀಪು ಹೊತ್ತಿಸಿದರು. ಹಿಂದಿನಿಂದ ದಪ್ಪ ಬಿಳಿ ಹೊಗೆ ಬಂತು. ನಾನು ಕುಕ್ಕರುಗಾಲಲ್ಲಿ ಕೂತು ನೋಡಿದೆ. ಕೈಯಲ್ಲಿ ದೊಡ್ಡಮ್ಮ ಕೊಟ್ಟ ಬೆಲ್ಲದ ಕಾಫಿಯ ಲೋಟವಿತ್ತು. ಹೊಗೆಯನ್ನು ಮೂಸಿದೆ. ಸಿಹಿ ವಾಸನೆ. ನನ್ನ ಎದೆ ಹಿಗ್ಗಿತು. ವಿಡಿಯೋದಲ್ಲಿ ಹೇಳಿದ್ದು ಅದನ್ನೇ: ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಇಂಜಿನ್ನಿನ ತಲೆಯಡಿಯ ತೆಳು ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ, ರೇಡಿಯೇಟರಿನ ನೀರು ಇಂಜಿನ್ನಿನ ಒಳಗೆ ಹೋಗಿ ಸುಡುತ್ತಿದೆ.

ಆದರೂ ಜವಾಬ್ದಾರಿಯುತ ಮನುಷ್ಯನಂತೆ ನಾಲ್ಕೂ ಪ್ಲಗ್ ಬಿಚ್ಚಿ ಅಂಗಳದ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಂದು, ಎರಡು, ನಾಲ್ಕು ಒಣಗಿದ ಕಪ್ಪು. ಮೂರನೆಯದು ಬೆಳ್ಳಗೆ, ತೊಳೆದಿಟ್ಟಂತೆ. ಇದಕ್ಕಿಂತ ಸಾಕ್ಷಿ ಬೇಕೆ? ನೀರು ನುಗ್ಗುವ ಸಿಲಿಂಡರಿನ ಪ್ಲಗ್ಗನ್ನು ಹಬೆ ತೊಳೆದು ಬೆಳ್ಳಗೆ ಮಾಡುತ್ತದೆ. ನಾನು ದೊಡ್ಡಪ್ಪನಿಗೆ ಕಾಗದದಲ್ಲಿ ಇಂಜಿನ್ನಿನ ಅಡ್ಡಕೊಯ್ತದ ಚಿತ್ರ ಬರೆದು ತೋರಿಸತೊಡಗಿದೆ. ಪಿಸ್ಟನ್ನು, ಅದರ ಮೇಲೆ ಹೆಡ್ಡು, ನಡುವೆ ಗ್ಯಾಸ್ಕೆಟ್ಟು, ಅದರಲ್ಲಿ ಒಂದು ಬಿರುಕು, ಬಿರುಕಿಗೆ ಒಂದು ಬಾಣದ ಗುರುತು.

ದೊಡ್ಡಮ್ಮ ಲೋಟ ತೆಗೆದುಕೊಂಡು ಹೋಗಲು ಬಂದವರು ನಿಂತು ಪ್ಲಗ್ಗುಗಳನ್ನು ನೋಡಿದರು. ಈ ಹೊಗೆ ಜೀಪು ತಂದ ವರ್ಷದಿಂದ ಪ್ರತಿ ಚಳಿಗಾಲದಲ್ಲೂ ಬರುತ್ತದೆ, ಶಾಲೆಯ ತಿರುವು ದಾಟುವಷ್ಟರಲ್ಲಿ ನಿಲ್ಲುತ್ತದೆ ಎಂದರು. ನಾನು ಕೇಳಿಸಿಕೊಂಡವನಂತೆ ತಲೆಯಾಡಿಸಿ ಬಾಣದ ಗುರುತನ್ನು ಇನ್ನೊಮ್ಮೆ ದಪ್ಪ ಮಾಡಿದೆ.

"ಈ ಚಳಿಲಿ ಹಸುನ ಬಾಯಿಂದನೂ ಹೊಗೆ ಬಂದದೆ," ಎಂದರು ದೊಡ್ಡಮ್ಮ. "ಅದ್ರ ತಲೆನೂ ಬಿಚ್ಚಿಯಾ?"

ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿದರು. "ಅದ್ ಬೇರೆ ಹೊಗೆ, ಇದ್ ಬೇರೆ ಹೊಗೆ. ನಿಂಗೆ ಅದೆಲ್ಲ ಗೊತ್ತಿಲ್ಲೆ."

ದೊಡ್ಡಮ್ಮ ಬಾಯಿ ತೆರೆದು ಇನ್ನೇನೋ ಹೇಳಹೊರಟು, ನಮ್ಮಿಬ್ಬರ ಬಗ್ಗಿದ ತಲೆಗಳನ್ನು ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ದೊಡ್ಡಪ್ಪ ನನ್ನಿಂದ ಒಂದು ವರದಿ ಬರೆಸಿಕೊಂಡರು. ಹೊಗೆಯ ಬಣ್ಣ: ಬಿಳಿ. ವಾಸನೆ: ಸಿಹಿ. ಮೂರನೇ ಪ್ಲಗ್: ಅಸಹಜವಾಗಿ ಸ್ವಚ್ಛ. ಅಭಿಪ್ರಾಯ: ಹೆಡ್ ಗ್ಯಾಸ್ಕೆಟ್ ಹಾಳಾಗಿದೆ, ಗಾಡಿ ಓಡಿಸುವುದು ಅಪಾಯ, ಕೂಡಲೇ ಬಿಚ್ಚತಕ್ಕದ್ದು. ಕೆಳಗೆ ಸಹಿ ಹಾಕುವಾಗ ನನ್ನ ಕೈ ಸ್ವಲ್ಪ ದೊಡ್ಡ ಅಕ್ಷರವನ್ನೇ ಬರೆಯಿತು.

ಮಡಿಕೇರಿಯ ಗ್ಯಾರೇಜಿನ ಮೆಕ್ಯಾನಿಕ್ ಮಾಕುಟ್ಟದಾಚೆಯ ಕೇರಳದವನು, ಮಾತು ಕಡಿಮೆ. ನಾನು ಫೋನಿನಲ್ಲಿ ವರದಿ ಓದಿದೆ. ಅವನು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ.

"ರೇಡಿಯೇಟರಲ್ಲಿ ನೀರು ಕಮ್ಮಿ ಆಗ್ತದಾ ಸಾರ್? ದಿನಾ ಹಾಕ್ಬೇಕಾ?"

ಆಗುತ್ತದೆ ಎಂದೆ. ನಾನು ರೇಡಿಯೇಟರಿನ ಮುಚ್ಚಳ ತೆಗೆದಿರಲೇ ಇಲ್ಲ. ಆದರೆ ಗ್ಯಾಸ್ಕೆಟ್ ಹೋಗಿದ್ದರೆ ನೀರು ಕಡಿಮೆಯಾಗಲೇಬೇಕು, ಗ್ಯಾಸ್ಕೆಟ್ ಹೋಗಿದೆ ಎಂದು ನಾನೇ ಬರೆದುಕೊಟ್ಟಾಗಿದೆ, ಆದ್ದರಿಂದ ನೀರು ಕಡಿಮೆಯಾಗುತ್ತಿದೆ. ನನ್ನ ತರ್ಕದಲ್ಲಿ ಬಿರುಕಿರಲಿಲ್ಲ.

ಹೆಡ್ ಬಿಚ್ಚಿದ ದಿನ ದೊಡ್ಡಪ್ಪನೂ ನಾನೂ ಗ್ಯಾರೇಜಿನಲ್ಲಿದ್ದೆವು. ಮೆಕ್ಯಾನಿಕ್ ಗ್ಯಾಸ್ಕೆಟ್ ಎತ್ತಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದ. ನಾನು ಪ್ಲಗ್ ಹಿಡಿಯುವುದಕ್ಕಿಂತ ಚೆನ್ನಾಗಿಯೇ ಹಿಡಿದ. ಆಮೇಲೆ ನನ್ನ ಕೈಗೆ ಕೊಟ್ಟ.

"ಗ್ಯಾಸ್ಕೆಟಿಗೆ ಏನೂ ಆಗ್ಲಿಲ್ಲ ಸಾರ್. ನೀವು ನೀರು ನೋಡಿದ್ದಾ?"

ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಬಿರುಕು ಇರಬಹುದು ಎಂದೆ. ಅವನು ನನ್ನನ್ನೇ ನೋಡಿದ. ಅಷ್ಟರಲ್ಲಿ ದೊಡ್ಡಪ್ಪ ಮುಂದೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಹಾಳಾಗುವ ಮೊದಲೇ ಕಂಡುಹಿಡಿದದ್ದು ದೊಡ್ಡದು, ಇನ್ನೊಂದು ವಾರ ಬಿಟ್ಟಿದ್ದರೆ ಇಂಜಿನ್ನೇ ಹೋಗುತ್ತಿತ್ತು ಎಂದರು. ಆಗದೆ ಇದ್ದದ್ದನ್ನು ತಡೆದವನು ನಾನು ಎಂದಾದ ಮೇಲೆ, ಅದು ಆಗುತ್ತಲೇ ಇರಲಿಲ್ಲ ಎಂದು ಯಾರು ಸಾಧಿಸುತ್ತಾರೆ? ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬೇರೆ ಗಾಡಿಯ ಕಡೆ ಹೋದ.

ಒಮ್ಮೆ ಬಿಚ್ಚಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕುವಂತಿಲ್ಲ. ಅಂದರೆ ಸರಿಯಿದ್ದ ಗ್ಯಾಸ್ಕೆಟ್ಟನ್ನು ಹಾಳುಮಾಡಿದ್ದು ಅದು ಹಾಳಾಗಿದೆ ಎಂಬ ನನ್ನ ವರದಿ. ಹಳೆಯ ಮಾದರಿಯ ಜೀಪಾದ್ದರಿಂದ ಹೊಸದನ್ನು ಹೊರಗಿನಿಂದ ತರಿಸಬೇಕಾಯಿತು. ಜೀಪು ಮೂರು ವಾರ ಗ್ಯಾರೇಜಿನಲ್ಲಿ ತಲೆ ಇಲ್ಲದೆ ನಿಂತಿತ್ತು.

ಇಲ್ಲಿಯವರೆಗೆ ಇದು ನಗುವ ಕಥೆ. ನಾನೂ ಹಾಗೆಂದೇ ಬಹಳ ದಿನ ಹೇಳಿಕೊಂಡು ತಿರುಗಿದೆ. ನಾನು ಹೇಳದೆ ಬಿಡುತ್ತಿದ್ದ ಭಾಗ ಮುಂದಿನದು.

ದೊಡ್ಡಮ್ಮನ ಮನೆಯಿಂದ ಕೆಳಗೆ, ಕಲ್ಲು ರಸ್ತೆಯ ಕೊನೆಗೆ, ಒಬ್ಬ ಮಲಯಾಳಿ ವಿಧವೆ ಇದ್ದಾರೆ. ಗಂಡನ ಜೊತೆ ಬಂದು ನಲವತ್ತು ವರ್ಷದಿಂದ ಇಲ್ಲೇ ಇರುವವರು. ಅರುವತ್ತು ದಾಟಿದ ಅವರನ್ನು ಊರಿನವರೆಲ್ಲ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು. ಕೋಳಿ ಸಾಕಿ ಮೊಟ್ಟೆ ಮಾರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ. ಆ ವರ್ಷ ಬಲಗಾಲಿನ ಬೆರಳಿನ ಬಳಿ ಒಂದು ಗಾಯವಾಗಿ ಮಾಯುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಮಡಿಕೇರಿಯ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಬೇಕು, ನಡೆಯಬಾರದು ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಮತ್ತು ಗುರುವಾರ ದೊಡ್ಡಮ್ಮ ಅವರನ್ನು ಜೀಪಿನಲ್ಲಿ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಹೋಗಿ ಮನೆ ಬಾಗಿಲಿಗೆ ತಂದು ಬಿಡುತ್ತಿದ್ದರು. ಇದು ನನಗೆ ಗೊತ್ತಿತ್ತು. ವರದಿ ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಕುಯ್ಲಿನ ಕಾಲದಲ್ಲಿ ಊರಿನ ಆಟೋ, ಜೀಪುಗಳೆಲ್ಲ ಕೆಲಸದವರನ್ನು ಸಾಗಿಸುವುದರಲ್ಲಿರುತ್ತವೆ. ಒಬ್ಬ ಹೆಂಗಸಿನ ಕಾಲಿಗಾಗಿ ಯಾರೂ ಅರ್ಧ ದಿನ ಬಿಡುವುದಿಲ್ಲ. ದೊಡ್ಡಮ್ಮ ನನಗೆ ಫೋನ್ ಮಾಡಿ ಬೈಕಿನಲ್ಲಿ ಚೇಚಿಯನ್ನು ಕರೆದುಕೊಂಡು ಹೋಗು ಎಂದರು. ಮೊದಲ ಸೋಮವಾರ ಹೋದೆ. ಗುರುವಾರ ಹೋಗುವುದೆಂದು ಒಪ್ಪಿಕೊಂಡಿದ್ದೆ. ಅಂದು ಬೆಳಗ್ಗೆ ಶ್ರೀಮಂಗಲದ ಕಡೆಯಿಂದ ಒಬ್ಬರು, ಅಷ್ಟು ದೂರದಿಂದ, ನನ್ನ ಹೆಸರು ಕೇಳಿ, ನೀರೆತ್ತುವ ಪಂಪಿನ ಪ್ಲಗ್ ಹಿಡಿದುಕೊಂಡು ಬಂದುಬಿಟ್ಟರು. ಶ್ರೀಮಂಗಲ ಎಂದರೆ ಜಿಲ್ಲೆಯ ಇನ್ನೊಂದು ತುದಿ. ನನ್ನ ಕೀರ್ತಿ ಅಲ್ಲಿಯವರೆಗೆ ಹೋಗಿದೆ ಎಂಬುದೇ ನನ್ನ ತಲೆಯಲ್ಲಿ ತುಂಬಿತ್ತು. ಅವರನ್ನು ಕೂರಿಸಿ, ಕಾಫಿ ಕೊಟ್ಟು, ಪಟ್ಟಿ ತೋರಿಸಿ, ಕಪ್ಪು ಹೊಗೆಗೂ ನೀಲಿ ಹೊಗೆಗೂ ಇರುವ ವ್ಯತ್ಯಾಸವನ್ನು ಎರಡು ಗಂಟೆ ವಿವರಿಸಿದೆ. ಗಡಿಯಾರ ನೋಡಿದಾಗ ಹನ್ನೆರಡಾಗಿತ್ತು. ಇಷ್ಟು ಹೊತ್ತಿಗೆ ಬೇರೆ ಯಾರಾದರೂ ಕರೆದುಕೊಂಡು ಹೋಗಿರುತ್ತಾರೆ ಎಂದುಕೊಂಡೆ, ಆಮೇಲೆ ವಿಚಾರಿಸಲೂ ಇಲ್ಲ.

ಚೇಚಿ ಹತ್ತು ಗಂಟೆಯವರೆಗೆ ಬಾಗಿಲಲ್ಲಿ ಕೂತು ಕಾದು, ಆಮೇಲೆ ನಡೆದೇ ಹೊರಟಿದ್ದರು. ಕಲ್ಲು ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆದರೆ ಬಸ್ಸು. ಆ ಹೊತ್ತಿನ ಬಸ್ಸು ಹೋಗಿತ್ತು. ಮತ್ತೆ ಎರಡು ಕಿಲೋಮೀಟರ್ ನಡೆದು ಮನೆಗೆ ಬಂದರು. ಚಪ್ಪಲಿ ಗಾಯಕ್ಕೆ ಉಜ್ಜಿತ್ತು. ನನಗೆ ಫೋನ್ ಮಾಡಿ ತೊಂದರೆ ಕೊಡುವುದು ಬೇಡ ಎಂದುಕೊಂಡರಂತೆ. ಮುಂದಿನ ಸೋಮವಾರವೂ ನಡೆದೇ ಹೋದರು, ಆ ಸಲ ಬಸ್ಸು ಸಿಕ್ಕಿತು. ಅದರ ಮುಂದಿನ ವಾರ ಜ್ವರ ಬಂತು. ದೊಡ್ಡಮ್ಮ ಕುಯ್ಲಿನ ಜನ ಸಾಗಿಸುತ್ತಿದ್ದ ಒಂದು ಜೀಪನ್ನು ರಸ್ತೆಗೆ ಅಡ್ಡ ನಿಂತು ನಿಲ್ಲಿಸಿ, ಒಳಗಿದ್ದವರನ್ನು ಇಳಿಸಿ, ಚೇಚಿಯನ್ನು ಆಸ್ಪತ್ರೆಗೆ ಸೇರಿಸಿದರು. ಹತ್ತು ದಿನ ಇಟ್ಟುಕೊಂಡರು. ಕಿರುಬೆರಳು ತೆಗೆದರು.

ನನಗೆ ಈ ವಿಷಯ ತಿಳಿದದ್ದು ಜೀಪು ತಯಾರಾದ ದಿನ. ತರಲು ನಾನೇ ಹೋಗಿದ್ದೆ. ಮನಸ್ಸಿಗೆ ಏನೋ ಸರಿಯಿರಲಿಲ್ಲ. ಏನಾದರೂ ಮಾಡಬೇಕು ಅನ್ನಿಸಿತು. ಅಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವುದು ಬಿಟ್ಟು ನಾನು ಮಾಡಿದ್ದು ಇಷ್ಟು: ಒಂದು ಕ್ಯಾನ್ ಒಳ್ಳೆಯ ಇಂಜಿನ್ ಆಯಿಲ್ ಕೊಂಡು, ಮೆಕ್ಯಾನಿಕ್ ಆಗಲೇ ಹಾಕಿದ್ದ ಆಯಿಲಿನ ಮೇಲೆ, ಪ್ರೀತಿಯಿಂದ ಸುರಿದೆ. ಹೆಡ್ ಬಿಚ್ಚಿದ ಇಂಜಿನ್ನಿಗೆ ಸ್ವಲ್ಪ ಹೆಚ್ಚೇ ಇರಲಿ ಎಂದು.

ಗಾಳಿಬೀಡಿನ ಏರು ಹತ್ತುವಾಗ ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣುತ್ತಿರಲಿಲ್ಲ. ನೀಲಿ ಹೊಗೆ. ಹಿಂದಿನಿಂದ ಬರುತ್ತಿದ್ದ ಬೈಕಿನವನೊಬ್ಬ ಮುಖ ಮುಚ್ಚಿಕೊಂಡು ದಾಟಿಹೋದ. ದೊಡ್ಡಪ್ಪ ಗೇಟಿನಲ್ಲೇ ಕಾಯುತ್ತಿದ್ದರು. ನೀಲಿ ಎಂದರೆ ಆಯಿಲು, ಅಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಕೊಟ್ಟ ಶಿಕ್ಷಣ ವ್ಯರ್ಥವಾಗಿರಲಿಲ್ಲ. ಹೌದು, ಪಿಸ್ಟನ್ನಿನ ರಿಂಗ್ ಹೋಗಿರಬೇಕು, ಈ ಸಲ ಇಂಜಿನ್ನನ್ನು ಪೂರ್ತಿ ಕೆಳಗಿಳಿಸಬೇಕಾಗಬಹುದು ಎಂದೆ. ದೊಡ್ಡಪ್ಪ ಹೊಸ ಕಾಗದ ತರಲು ಒಳಗೆ ಹೋದರು.

ಆಗ ದೊಡ್ಡಮ್ಮ ಕಾಫಿ ಒಣಹಾಕಿದ ಕಣದಿಂದ ಬಂದರು. ಕೈಯಲ್ಲಿ ಕಾಫಿ ಎಳೆಯುವ ಹಲಗೆ ಇತ್ತು, ಅದನ್ನು ಗೋಡೆಗೆ ಒರಗಿಸಿಟ್ಟರು. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು, ಸೆರಗಿನ ತುದಿಯಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನನ್ನ ಮುಂದೆ ಹಿಡಿದರು.

"ಇದ್ರಲ್ಲಿ ಎರಡು ಗೆರೆ ಉಟ್ಟು. ಎಂತಕ್ಕೆ ಉಟ್ಟು?"

ಕೆಳಗಿನದು ಕಡಿಮೆ ಎಂದರೆ ಎಷ್ಟು, ಮೇಲಿನದು ಹೆಚ್ಚೆಂದರೆ ಎಷ್ಟು ಎಂದು ತೋರಿಸಲು ಎಂದೆ.

"ಈಗ ಎಣ್ಣೆ ಎಲ್ಲಿ ಉಟ್ಟು?"

ಮೇಲಿನ ಗೆರೆಯಿಂದ ಎರಡು ಬೆರಳು ಮೇಲಿತ್ತು. ದೊಡ್ಡಮ್ಮ ಹೊಲಿಗೆ ಸಾಮಾನಿನ ಡಬ್ಬದಿಂದ ಒಂದು ಸ್ಪ್ಯಾನರ್ ತಂದು, ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಇಂಜಿನ್ನಿನ ಅಡಿಗೆ ತಳ್ಳಿ, ಜೀಪಿನ ಕೆಳಗೆ ಮಲಗಿದರು. ಅರುವತ್ತೇಳು ವರ್ಷದ ಹೆಂಗಸು ಜೀಪಿನಡಿ ಮಲಗಿರುವಾಗ ನಾನು ಪಕ್ಕದಲ್ಲಿ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದೆ. ಅದು ನನಗೆ ಆಮೇಲೆ ಹೊಳೆಯಿತು. ಹೆಚ್ಚಿನ ಎಣ್ಣೆ ಪಾತ್ರೆಗೆ ಇಳಿಯಿತು. ಬೋಲ್ಟ್ ಬಿಗಿದು, ಎದ್ದು, ಮತ್ತೆ ಕಡ್ಡಿ ನೋಡಿ, ಇಂಜಿನ್ ಹೊತ್ತಿಸಿ ಹದಿನೈದು ನಿಮಿಷ ಓಡಲು ಬಿಟ್ಟರು. ನೀಲಿ ತೆಳುವಾಗುತ್ತಾ ಹೋಗಿ ನಿಂತಿತು. ದೊಡ್ಡಪ್ಪ ಕಾಗದ ಹಿಡಿದು ಬಂದಾಗ ಬರೆಯಲು ಏನೂ ಉಳಿದಿರಲಿಲ್ಲ. ಅವರು ಸ್ವಲ್ಪ ಬೇಜಾರಿನಲ್ಲೇ ಒಳಗೆ ಹೋದರು.

ದೊಡ್ಡಮ್ಮ ಕೈಗೆ ಸೋಪಿನ ಪುಡಿ ಹಾಕಿ ತಿಕ್ಕಿಕೊಳ್ಳುತ್ತಾ ಅಂಗಳದ ನಲ್ಲಿಯ ಬಳಿ ಕೂತರು. ನಾನು ಚೊಂಬಿನಿಂದ ನೀರು ಹಾಕಿದೆ.

"ಆ ಮೂರನೇ ಪ್ಲಗ್ಗು ಬೆಳ್ಳಗೆ ಇತ್ತಲ, ಅದ್ ನಾನೇ ಹೋದ ತಿಂಗ ಹಾಕಿದ ಹೊಸದ್."

ಆಗಲೇ ಹೇಳಬಹುದಿತ್ತಲ್ಲ ದೊಡ್ಡಮ್ಮ ಎಂದೆ.

"ಹೇಳಿಕೇ ಬಂದೆ. ನೀವಿಬ್ಬರೂ ಚಿತ್ರ ಬರೀತಾ ಇದ್ದರಿ."

ಸಿಹಿ ವಾಸನೆ ಇತ್ತಲ್ಲ ಎಂದು ನಾನು ಕೊನೆಯ ಸಾಕ್ಷಿಯನ್ನು ಮುಂದಿಟ್ಟೆ. ರೇಡಿಯೇಟರಿಗೆ ಅವರು ಹಾಕುವುದು ಬಾವಿಯ ನೀರು, ಸಿಹಿ ವಾಸನೆ ಬರುವ ಬಣ್ಣದ ಔಷಧಿಯಲ್ಲ, ಬಾವಿ ನೀರಿಗೆ ಸಿಹಿ ವಾಸನೆ ಎಲ್ಲಿಂದ ಬರುತ್ತದೆ ಎಂದರು. ಅಂದು ನನ್ನ ಕೈಯಲ್ಲಿ ಏನಿತ್ತು ಎಂದು ಕೇಳಿದರು. ಬೆಲ್ಲದ ಕಾಫಿ ಎಂದೆ. ದೊಡ್ಡಮ್ಮ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಕೈ ಒರೆಸಿಕೊಂಡು, ಚೇಚಿ ನಾಳೆ ಆಸ್ಪತ್ರೆಯಿಂದ ಬರುತ್ತಾರೆ, ಇನ್ನು ಮುಂದೆ ಸೋಮವಾರ, ಗುರುವಾರ ನೀನು ಕರೆದುಕೊಂಡು ಹೋಗು, ಜೀಪು ಇಲ್ಲೇ ಇರುತ್ತದೆ, ಬೀಗದ ಕೈ ಮೊಳೆಯಲ್ಲಿರುತ್ತದೆ ಎಂದರು. ಕೇಳಿದ್ದಲ್ಲ, ಹೇಳಿದ್ದು.

ಇಷ್ಟಾದ ಮೇಲೆ ನನ್ನ ಅಂಗಡಿ ಮುಚ್ಚಿತು ಎಂದುಕೊಂಡರೆ ನಿಮಗೆ ನಮ್ಮ ಊರು ಗೊತ್ತಿಲ್ಲ. ದೊಡ್ಡಪ್ಪ ಡೈರಿಯಲ್ಲಿ, ಮದುವೆ ಮನೆಯಲ್ಲಿ, ಸಹಕಾರ ಸಂಘದ ಮೆಟ್ಟಿಲಲ್ಲಿ, ಹೊಗೆಯನ್ನು ಒಂದು ಸಲ ಮೂಸಿ ಇಂಜಿನ್ ಉಳಿಸಿದ ತಮ್ಮನ ಮಗನ ಕಥೆ ಹೇಳಿದರು. ವರದಿಯ ನಕಲು ಅವರ ಬಳಿಯಿತ್ತು. ಬರುವ ಪ್ಲಗ್ಗುಗಳು ಹೆಚ್ಚಾದವು. ನಾನು ಅಲ್ಲ ಎನ್ನಲಿಲ್ಲ. ಅಲ್ಲ ಎನ್ನಲು ಎರಡು ಸಲ ಬಾಯಿ ತೆರೆದದ್ದು ನಿಜ, ಎರಡು ಸಲವೂ ಯಾರೋ ಒಬ್ಬರು ಇವನಿಗೆ ಎಷ್ಟು ವಿನಯ ಎಂದರು. ಹೊಗಳಿಕೆಯನ್ನು ಅಷ್ಟು ಕಷ್ಟಪಟ್ಟು ಕೊಡುವಾಗ ತೆಗೆದುಕೊಳ್ಳದಿರುವುದು ಒರಟುತನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ದಿನ ಮಾತ್ರ ಧೈರ್ಯ ಮಾಡಿದೆ. ಬಾವನ ಗೆಳೆಯನೊಬ್ಬ ಎಣ್ಣೆ ಮೆತ್ತಿದ ಪ್ಲಗ್ ತಂದಿದ್ದ. ಇದನ್ನು ದೊಡ್ಡಮ್ಮನಿಗೆ ತೋರಿಸು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ ಎಂದೆ. ಅವನು ಜೋರಾಗಿ ನಕ್ಕು, ನನ್ನ ತೊಡೆ ತಟ್ಟಿ, ಕೂತೇ ಇದ್ದ. ತಮಾಷೆ ಮುಗಿದ ಮೇಲೆ ನಾನು ಉತ್ತರ ಹೇಳುತ್ತೇನೆ ಎಂದು ಕಾಯುತ್ತಿದ್ದ. ಕೊನೆಗೆ ನಾನೇ ಪ್ಲಗ್ ಹಿಡಿದುಕೊಂಡು ಹಿಂಬದಿಯ ದಾರಿಯಲ್ಲಿ ದೊಡ್ಡಮ್ಮನ ಮನೆಗೆ ಹೋದೆ. ಅವರು ಕೋಸು ಹೆಚ್ಚುತ್ತಿದ್ದರು. ಪ್ಲಗ್ಗನ್ನು ಎರಡು ಕ್ಷಣ ನೋಡಿ, ಯಾವ ಯಂತ್ರ, ಎಷ್ಟು ವರ್ಷದ್ದು, ಪೆಟ್ರೋಲಿಗೆ ಆಯಿಲ್ ಬೆರೆಸುವುದು ಯಾರು, ಅಳೆದು ಬೆರೆಸುತ್ತಾರೋ ಕಣ್ಣಂದಾಜಿನಲ್ಲೋ ಎಂದು ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ. ವಾಪಸು ಬಂದು ಅವನನ್ನು ಕೇಳಿದೆ. ಕಣ್ಣಂದಾಜು ಎಂದ. ಅಳೆದು ಹಾಕು ಎಂದೆ. ಮೂರು ದಿನದ ಮೇಲೆ ಅವನು ಬಾಳೆಗೊನೆ ತಂದುಕೊಟ್ಟ. ಆ ಗೊನೆಯನ್ನು ದೊಡ್ಡಮ್ಮನ ಮನೆಗೆ ಮುಟ್ಟಿಸಿದೆ. ಅಲ್ಲಿಂದ ಅರ್ಧ ಚೇಚಿಯ ಮನೆಗೆ ಹೋಯಿತು. ಈಗಲೂ ವ್ಯವಸ್ಥೆ ಇದೇ. ಪ್ಲಗ್ ನನ್ನ ಜಗಲಿಗೆ ಬರುತ್ತದೆ, ಹಿಂಬಾಗಿಲಿನಿಂದ ದೊಡ್ಡಮ್ಮನಲ್ಲಿಗೆ ಹೋಗುತ್ತದೆ, ಮುಂಬಾಗಿಲಿನಿಂದ ನನ್ನ ದನಿಯಲ್ಲಿ ಉತ್ತರ ಹೊರಬರುತ್ತದೆ. ಎಲ್ಲಿ ಕಲಿತದ್ದು ಎಂದು ಒಮ್ಮೆ ದೊಡ್ಡಮ್ಮನನ್ನು ಕೇಳಿದ್ದೆ. ಗಾಡಿ ನಿಂತಾಗಲೆಲ್ಲ ಸ್ಟಿಯರಿಂಗ್ ಹಿಡಿದಿದ್ದದ್ದು ತಾನೊಬ್ಬಳೇ ಎಂದಷ್ಟೇ ಹೇಳಿದರು.

ಚೇಚಿಯ ಕಾಲು ಮಾಯಲು ಮಾರ್ಚ್ ಬಂತು. ಅಲ್ಲಿಯವರೆಗೆ ವಾರಕ್ಕೆ ಎರಡು ಸಲ ನಾನು ಅವರನ್ನು ಕರೆದುಕೊಂಡು ಹೋದೆ. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇವೆ. ಆ ಜೀಪು ಓಡಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಿಲ್ಲ, ಗೇರ್ ಸಿಕ್ಕಿದಾಗ ಸಿಕ್ಕಿತು. ಚೇಚಿ ಪಕ್ಕದಲ್ಲಿ ಮೊಟ್ಟೆಯ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಮೊದಮೊದಲು ಪ್ರತಿ ಸಲವೂ ನನಗೆ ಥ್ಯಾಂಕ್ಸ್ ಹೇಳುತ್ತಿದ್ದರು, ಮೋನೆ, ಅಂದರೆ ಮಗನೇ, ಎಂದು ಕರೆದು ನಿನ್ನ ಕೆಲಸ ಬಿಟ್ಟು ಬರ್ತೀಯಲ್ಲ ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದು ನೀಲಿ ಹೊಗೆಯಲ್ಲಿ ಉಸಿರಾಡಿದಂತೆ ಇತ್ತು.

ಫೆಬ್ರವರಿಯ ಒಂದು ಸೋಮವಾರ, ಆಸ್ಪತ್ರೆಯಿಂದ ವಾಪಸು ಬರುವಾಗ, ನಾನು ತಡೆಯಲಾರದೆ ಹೇಳಿಬಿಟ್ಟೆ. ಜೀಪಿಗೆ ಏನೂ ಆಗಿರಲಿಲ್ಲ, ಚಳಿಗೆ ಬರುವ ಹಬೆಯನ್ನು ನೋಡಿ ನಾನೇ ಬಿಚ್ಚಿಸಿದ್ದು, ಆ ಗುರುವಾರ ನನಗೆ ಯಾವ ಕೆಲಸವೂ ಇರಲಿಲ್ಲ, ಯಾರಿಗೋ ಪ್ಲಗ್ ತೋರಿಸುತ್ತಾ ಜಂಬ ಕೊಚ್ಚುತ್ತಿದ್ದೆ, ನಿಮ್ಮ ಬೆರಳು ಹೋದದ್ದು ನನ್ನಿಂದ ಎಂದೆ. ಹೇಳುತ್ತಾ ಹೇಳುತ್ತಾ ಜೀಪಿನ ವೇಗ ಇಳಿದುಹೋಗಿತ್ತು. ಇಂಜಿನ್ ಮುಗ್ಗರಿಸತೊಡಗಿತ್ತು. ಚೇಚಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

"ನನಗೆ ಗೊತ್ತುಂಟು ಮೋನೆ," ಎಂದರು. "ಗೇರ್ ಹಾಕು. ಏರು ಬಂತು."